ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಕ್ಕಳ ಹೆಸರು ಹೇಳಿಕೊಂಡು ಬರುವ ಕಾನೂನಿಗೆ ಎದುರು ನಿಲ್ಲುವಷ್ಟು ಕಷ್ಟದ ಕೆಲಸ ಸಾರ್ವಜನಿಕ ಜೀವನದಲ್ಲಿ ಇನ್ನೊಂದಿಲ್ಲ. 'ಬೇಡ' ಎಂದವನನ್ನು ಜನ ಓರೆಗಣ್ಣಿನಿಂದ ನೋಡುತ್ತಾರೆ. ಈತನಿಗೆ ಮನೆಯಲ್ಲಿ ಮಕ್ಕಳಿಲ್ಲವೋ, ಅಥವಾ ಈತನಿಗೇ ಮುಚ್ಚಿಡತಕ್ಕದ್ದು ಏನಾದರೂ ಇದೆಯೋ ಎಂದು ಕೇಳುತ್ತಾರೆ. ಅದರಲ್ಲಿಯೂ ವಿಷಯ ಅಶ್ಲೀಲ ಚಿತ್ರಗಳದ್ದಾದರೆ ಮುಗಿದೇ ಹೋಯಿತು. ಮರ್ಯಾದಸ್ಥರು ಆ ಮಾತೆತ್ತುವುದಿಲ್ಲ; ಎತ್ತಿದವರು ಮರ್ಯಾದಸ್ಥರೆನಿಸುವುದಿಲ್ಲ. ಹೀಗಾಗಿ ಒಂದೊಂದೇ ದೇಶದಲ್ಲಿ ಹೊಸದೊಂದು ಪದ್ಧತಿ ಬೇರೂರುತ್ತಿದೆ: ವಯಸ್ಕರ ಜಾಲತಾಣಗಳ ಬಾಗಿಲಲ್ಲಿ ನಿಂತು, ಬಂದವರೆಲ್ಲರಿಂದ 'ನೀನು ಹದಿನೆಂಟು ದಾಟಿದವನೆಂದು ರುಜುವಾತು ಮಾಡು' ಎಂದು ಗುರುತಿನ ಚೀಟಿ ಕೇಳುವ ಪದ್ಧತಿ. ಈಗ ಅದರ ಗಾಳಿ ನಮ್ಮ ಕಡೆಗೂ ಬೀಸತೊಡಗಿದೆ. ಯಾರಾದರೊಬ್ಬರು ಸಂಕೋಚವನ್ನು ಪಕ್ಕಕ್ಕಿಟ್ಟು ಮಾತನಾಡಲೇಬೇಕಾದ ಕಾಲ ಇದು.

ಎದುರು ಪಕ್ಷದವರ ಮಾತಿನಲ್ಲಿ ನಿಜವಿರುವಷ್ಟನ್ನು ಮೊದಲೇ ಒಪ್ಪಿಬಿಡುತ್ತೇನೆ. ಮಕ್ಕಳು ನೋಡಬಾರದ್ದನ್ನು ನೋಡುತ್ತಿದ್ದಾರೆ. ಬಹಳ ಬೇಗ ನೋಡುತ್ತಿದ್ದಾರೆ. ಇಂಗ್ಲೆಂಡಿನ ಮಕ್ಕಳ ಕಮಿಷನರ್ 2023ರ ಜನವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿನ ಎಳೆಯರು ಇಂಥ ಚಿತ್ರಗಳನ್ನು ಮೊದಲು ಕಂಡ ಸರಾಸರಿ ವಯಸ್ಸು 13. ನೂರಕ್ಕೆ 10 ಮಂದಿ ತಮ್ಮ 9ನೆಯ ವಯಸ್ಸಿನೊಳಗೇ ಕಂಡಿದ್ದರು. ಆ ಚಿತ್ರಗಳಲ್ಲಿ ಎಷ್ಟೋ ಹೆಣ್ಣನ್ನು ಹಿಂಸಿಸಿ ಸಂತೋಷಪಡುವ ಚಿತ್ರಗಳು. ಹದಿಮೂರರ ಹುಡುಗ ಅದನ್ನೇ ಗಂಡುಹೆಣ್ಣಿನ ಸಂಬಂಧವೆಂದು ತಿಳಿದು ಬೆಳೆದರೆ, ಅದರ ಫಲವನ್ನು ಉಣ್ಣುವವಳು ಮುಂದೆ ಅವನ ಕೈಹಿಡಿಯುವ ಹುಡುಗಿ. ಇದನ್ನು ಕಂಡು ಕಳವಳಪಡುವ ತಾಯಿತಂದೆಯರನ್ನು ಮಡಿವಂತರೆಂದು ಹಂಗಿಸುವವರ ಗುಂಪಿನಲ್ಲಿ ನಾನಿಲ್ಲ. ಆ ವ್ಯಾಪಾರಿಗಳ ವಕಾಲತ್ತೂ ನನ್ನದಲ್ಲ. ಎತ್ತಿಗೆ ಜ್ವರ ಬಂದಿರುವುದು ದಿಟ. ಬರೆಯನ್ನು ಯಾರಿಗೆ ಎಳೆಯುತ್ತಿದ್ದೀರಿ ಎಂಬುದಷ್ಟೇ ನನ್ನ ಪ್ರಶ್ನೆ.

ಮೇಲೆ ಹೇಳಿದ ವರದಿಯಲ್ಲಿಯೇ ಇನ್ನೊಂದು ಅಂಕಿ ಇದೆ. ಕಾನೂನು ಬೇಕೆನ್ನುವವರು ಅದನ್ನು ಹೆಚ್ಚಾಗಿ ಎತ್ತಿ ಹೇಳುವುದಿಲ್ಲ. ಇಂಥ ಚಿತ್ರಗಳನ್ನು ಕಂಡಿದ್ದ ಎಳೆಯರಲ್ಲಿ ನೂರಕ್ಕೆ 41 ಮಂದಿ ಅವನ್ನು ಟ್ವಿಟರಿನಲ್ಲಿ ಕಂಡಿದ್ದರು. ಅದಕ್ಕೆಂದೇ ಮೀಸಲಾದ ತಾಣಗಳಲ್ಲಿ ಕಂಡವರು 37. ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್‌ಗಳೂ ಹೆಚ್ಚು ಹಿಂದೆ ಇರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಕಾನೂನುಗಳನ್ನು ನೋಡಬೇಕು. ಲೂಸಿಯಾನ ರಾಜ್ಯ 2023ರ ಜನವರಿ 1ರಿಂದ ಜಾರಿಗೆ ತಂದ ಕಾನೂನೂ, ಅದೇ ವರ್ಷ ಟೆಕ್ಸಾಸ್ ಮಾಡಿದ ಕಾನೂನೂ ಅನ್ವಯಿಸುವುದು ತನ್ನ ಸಾಮಗ್ರಿಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಕ್ಕಳಿಗೆ ಹಾನಿಕರವೆನಿಸಿದ ತಾಣಕ್ಕೆ ಮಾತ್ರ. ಮಹಾಸಮುದ್ರದಂಥ ಸಾಮಾಜಿಕ ತಾಣದಲ್ಲಿ ಲಕ್ಷಗಟ್ಟಲೆ ಅಶ್ಲೀಲ ಚಿತ್ರಗಳು ತೇಲುತ್ತಿದ್ದರೂ ಅವು ಮೂರರಲ್ಲೊಂದು ಪಾಲಾಗುವುದಿಲ್ಲ. ಅಲ್ಲಿ ಚೀಟಿ ಕೇಳುವವರಿಲ್ಲ. ಮಗು ಹೆಚ್ಚಾಗಿ ಎಡವುವ ಬಾಗಿಲು ತೆರೆದೇ ಇರಬೇಕು. ವಯಸ್ಕ ತಿಳಿದೂ ತಿಳಿದೂ ಹುಡುಕಿಕೊಂಡು ಹೋಗುವ ಬಾಗಿಲಿಗೆ ಮಾತ್ರ ಕಾವಲು ನಿಲ್ಲಬೇಕು. ಟೆಕ್ಸಾಸಿನ ಈ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2025ರ ಜೂನ್ 27ರಂದು ಆರು-ಮೂರರ ಬಹುಮತದಿಂದ ಎತ್ತಿಹಿಡಿಯಿತು. ಅಲ್ಲಿಗೆ ಆ ದೇಶದಲ್ಲಿ ವಾದ ಮುಗಿದಿರಬಹುದು; ನ್ಯಾಯ ಮುಗಿಯಿತೆಂದು ನಾನು ಒಪ್ಪುವುದಿಲ್ಲ.

ಬ್ರಿಟನ್ನಿನವರು ಈ ಮಟ್ಟಿಗೆ ಹೆಚ್ಚು ಪ್ರಾಮಾಣಿಕರು. ಅವರ ಆನ್‌ಲೈನ್ ಸುರಕ್ಷತಾ ಕಾಯಿದೆ 2023ರ ಅಕ್ಟೋಬರಿನಲ್ಲಿ ಅಂಗೀಕಾರವಾಗಿ, ವಯಸ್ಸಿನ ತಪಾಸಣೆ 2025ರ ಜುಲೈ 25ರಿಂದ ಕಡ್ಡಾಯವಾಯಿತು. ಅದು ಸಾಮಾಜಿಕ ತಾಣಗಳನ್ನೂ ಬಿಡಲಿಲ್ಲ. ತಪ್ಪಿದವರಿಗೆ 1 ಕೋಟಿ 80 ಲಕ್ಷ ಪೌಂಡು ಅಥವಾ ಜಗತ್ತಿನಾದ್ಯಂತದ ಆದಾಯದ ನೂರಕ್ಕೆ 10, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ. ತಪಾಸಣೆಯ ದಾರಿಗಳೂ ಹಲವು: ಪಾಸ್‌ಪೋರ್ಟಿನ ಜೊತೆ ಮುಖವನ್ನು ತಾಳೆ ನೋಡುವುದು, ಕ್ರೆಡಿಟ್ ಕಾರ್ಡು, ಬ್ಯಾಂಕಿನ ಸಾಕ್ಷ್ಯ, ಮೊಬೈಲ್ ಕಂಪನಿಯ ಸಾಕ್ಷ್ಯ, ಕ್ಯಾಮರಾದ ಮುಂದೆ ಮುಖವೊಡ್ಡಿದರೆ ಯಂತ್ರವೇ ವಯಸ್ಸನ್ನು ಅಂದಾಜು ಮಾಡುವುದು. ಈ ಕೊನೆಯ ಯಂತ್ರದ ಪಾಡನ್ನು ಕೇಳಿದರೆ ನಗು ಬರುತ್ತದೆ. ಒಂದು ವಿಡಿಯೊ ಆಟದ ನಾಯಕನ ಮುಖವನ್ನು ಪರದೆಯ ಮೇಲೆ ತೋರಿಸಿ ಹುಡುಗರು ಅದನ್ನು ದಾಟಿದರು. ಇನ್ನುಳಿದವರು ವಿಪಿಎನ್ ಎಂಬ ಸುರಂಗದ ಮೊರೆಹೊಕ್ಕರು. ಅದನ್ನು ತೊಟ್ಟರೆ ಲಂಡನ್ನಿನಲ್ಲಿ ಕುಳಿತವನು ಬೇರೊಂದು ದೇಶದಲ್ಲಿ ಕುಳಿತಂತೆ ತೋರುತ್ತಾನೆ. ಆ ವಾರ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಇಳಿಸಿಕೊಂಡ ಆ್ಯಪ್‌ಗಳ ಪಟ್ಟಿಯ ತಲೆಯಲ್ಲಿ ಕುಳಿತದ್ದು ಇಂಥ ಸುರಂಗಗಳೇ. ಕಾಯಿದೆ ರದ್ದಾಗಬೇಕೆಂಬ ಮನವಿಗೆ ಐದು ಲಕ್ಷಕ್ಕಿಂತ ಹೆಚ್ಚು ಜನ ಸಹಿ ಹಾಕಿದರು, ಸರ್ಕಾರ ಆಗುವುದಿಲ್ಲವೆಂದಿತು.

ಬಲೆ ಅಗಲವಾದಷ್ಟೂ ಸಿಕ್ಕಬಾರದ ಮೀನು ಸಿಕ್ಕುತ್ತದೆ. ಲೈಂಗಿಕ ದೌರ್ಜನ್ಯಕ್ಕೊಳಗಾದವರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಗುಂಪು, ಮುಟ್ಟಿನ ವಿಷಯ ಮಾತನಾಡುವ ಗುಂಪು, ಸಿಗರೇಟು ಬಿಡಲು ಹೆಣಗುವವರ ಗುಂಪು—ಇವುಗಳ ಮುಂದೆಯೂ ಆ ದಿನಗಳಲ್ಲಿ 'ವಯಸ್ಸು ತೋರಿಸು' ಎಂಬ ಫಲಕ ಬಿತ್ತು. ಹದಿನೈದರ ಹುಡುಗಿಯೊಬ್ಬಳಿಗೆ ಆ ಮಾತುಗಳೇ ಬೇಕಾಗಿದ್ದಲ್ಲಿ ಅವಳು ಯಾರನ್ನು ಕೇಳಬೇಕು?

ವ್ಯಾಪಾರದ ಮೇಲೆ ಆದ ಪರಿಣಾಮವನ್ನೂ ನೋಡೋಣ. ಮೊದಮೊದಲು ಲೂಸಿಯಾನದಲ್ಲಿ ಆ ವ್ಯಾಪಾರದ ಅತಿ ದೊಡ್ಡ ತಾಣ, ಪೋರ್ನ್‌ಹಬ್, ಸರ್ಕಾರದ ಗುರುತಿನ ಆ್ಯಪ್ ಮೂಲಕ ತಪಾಸಣೆಗೆ ಒಪ್ಪಿತು. ಅಲ್ಲಿ ತಮಗೆ ನೂರಕ್ಕೆ 80ರಷ್ಟು ಗಿರಾಕಿ ತಪ್ಪಿತೆಂದು ಅದರ ಒಡೆಯರು ಹೇಳಿಕೊಂಡರು. ಆಮೇಲೆ ಅವರು ತಪಾಸಣೆ ಮಾಡುವ ಬದಲು ಬಾಗಿಲನ್ನೇ ಮುಚ್ಚುವ ದಾರಿ ಹಿಡಿದರು. 2023ರಲ್ಲಿ ಯೂಟಾ, 2024ರ ಮಾರ್ಚಿನಲ್ಲಿ ಟೆಕ್ಸಾಸ್, 2025ರ ಜೂನಿನಲ್ಲಿ ಫ್ರಾನ್ಸ್ ಹೀಗೆ ಒಂದಾದ ಮೇಲೊಂದು ಕಡೆ ಬಾಗಿಲು ಬಿತ್ತು. 'ಒಳ್ಳೆಯದೇ ಆಯಿತಲ್ಲ, ಪೀಡೆ ತೊಲಗಿತು' ಎಂದು ವಾಚಕರು ಅನ್ನಬಹುದು. ಪೀಡೆ ತೊಲಗಲಿಲ್ಲ, ಪಕ್ಕದ ಬೀದಿಗೆ ಹೋಯಿತು. ಅಮೆರಿಕದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಗೂಗಲ್ ಹುಡುಕಾಟದ ಅಂಕಿಗಳನ್ನು ಲೆಕ್ಕ ಹಾಕಿದ್ದಾರೆ. ಇಂಥ ಕಾನೂನು ಬಂದ ರಾಜ್ಯಗಳಲ್ಲಿ ಕಾನೂನಿಗೆ ತಲೆಬಾಗಿದ ದೊಡ್ಡ ತಾಣದ ಹುಡುಕಾಟ ನೂರಕ್ಕೆ 51ರಷ್ಟು ಇಳಿಯಿತು. ತಲೆಬಾಗದ ತಾಣದ ಹುಡುಕಾಟ ನೂರಕ್ಕೆ 48ರಷ್ಟು ಏರಿತು. ವಿಪಿಎನ್ ಹುಡುಕಾಟವೂ ನೂರಕ್ಕೆ 24ರಷ್ಟು ಏರಿತು. ವಿಳಾಸವಿರುವ, ವಕೀಲರಿರುವ, ದೂರು ಕೊಟ್ಟರೆ ಚಿತ್ರವನ್ನು ತೆಗೆದುಹಾಕಬೇಕಾದ ಅಂಗಡಿ ಖಾಲಿಯಾಗಿ, ಎಲ್ಲಿಯದೆಂದು ಗೊತ್ತಿಲ್ಲದ ಅಂಗಡಿಗೆ ಜನ ನುಗ್ಗಿದರು. ಊರ ಹೆಬ್ಬಾಗಿಲಿಗೆ ಅಗುಳಿ ಹಾಕಿ ದಿಡ್ಡಿಬಾಗಿಲನ್ನು ತೆರೆದಿಟ್ಟಂತೆ ಆಯಿತು. ದಿಡ್ಡಿಬಾಗಿಲಿನಾಚೆ ಏನಿದೆಯೆಂಬುದನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಹುಡುಗರೂ ಹೋಗುವುದು ಆ ಕಡೆಗೇ.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಕಾನೂನು ಬೇಕೆನ್ನುವವರ ಬಹು ಮೆಚ್ಚಿನ ಹೋಲಿಕೆಯೊಂದಿದೆ: 'ಹೆಂಡದಂಗಡಿಯವನು ಹುಡುಗನನ್ನು ವಯಸ್ಸು ಕೇಳುವುದಿಲ್ಲವೆ? ಇದೂ ಹಾಗೆಯೇ.' ಅಮೆರಿಕದ ನ್ಯಾಯಾಲಯಗಳೂ ಇಂಥ ಹೋಲಿಕೆಯಿಂದಲೇ ಹೊರಟವು. 1968ರಲ್ಲಿ ನ್ಯೂಯಾರ್ಕಿನ ಸಣ್ಣ ಹೋಟೆಲಿನವನೊಬ್ಬ 16 ವರ್ಷದ ಹುಡುಗನಿಗೆ ನಗ್ನಚಿತ್ರಗಳ ಪತ್ರಿಕೆ ಮಾರಿದ್ದಕ್ಕೆ ಆದ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿತ್ತು. ಆ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಂಗಡಿಯವನು ಏನು ಮಾಡುತ್ತಾನೆ? ಮುಖ ನೋಡುತ್ತಾನೆ. ತಲೆ ನರೆತಿದ್ದರೆ ಕೇಳುವುದೂ ಇಲ್ಲ. ಸಂಶಯ ಬಂದರೆ ಚೀಟಿ ನೋಡಿ ಹಿಂದಕ್ಕೆ ಕೊಡುತ್ತಾನೆ. ಸಂಜೆಯ ವೇಳೆಗೆ ಮರೆಯುತ್ತಾನೆ. ನನ್ನ ಹೆಸರು, ಹುಟ್ಟಿದ ದಿನ, ಮುಖದ ಚಿತ್ರ, ಕೊಂಡ ಸರಕು, ಕೊಂಡ ಹೊತ್ತು ಇಷ್ಟನ್ನೂ ಒಂದು ಖಾತೆಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಸಮುದ್ರದಾಚೆಯ ಗುತ್ತಿಗೆದಾರನೊಬ್ಬನಿಗೆ ಕಳಿಸುವ ಹೆಂಡದಂಗಡಿ ನಾನಂತೂ ಕಂಡಿಲ್ಲ.

ವಿಚಿತ್ರವೆಂದರೆ, ನಿಜವಾಗಿ ಅಂಗಡಿಯವನನ್ನೇ ಹೋಲುವ ಉಪಾಯವೊಂದು ಬ್ರಿಟನ್ನಿನಲ್ಲಿಯೇ ಹುಟ್ಟಿತ್ತು. 2017ರ ಡಿಜಿಟಲ್ ಆರ್ಥಿಕತೆಯ ಕಾಯಿದೆಯಲ್ಲಿ ಈ ತಪಾಸಣೆಯನ್ನು ಮೊದಲ ಸಲ ವಿಧಿಸಿದಾಗ, ಪತ್ರಿಕೆ ಮಾರುವ ಅಂಗಡಿಯಲ್ಲಿ ಸುಮಾರು 5 ಪೌಂಡಿಗೆ ಒಂದು ಚೀಟಿ ಮಾರುವ ಯೋಜನೆಯಿತ್ತು. ಅಂಗಡಿಯವನು ಮುಖ ನೋಡಿ, ಬೇಕಾದರೆ ವಯಸ್ಸು ಕೇಳಿ, ಚೀಟಿ ಕೊಡುವುದು. ಚೀಟಿಯ ಮೇಲೆ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯನ್ನು ಹೊಡೆದರೆ ಬಾಗಿಲು ತೆರೆಯುತ್ತದೆ. ಒಳಗೆ ಹೋದವನು ಯಾರೆಂದು ತಾಣಕ್ಕೂ ತಿಳಿಯದು, ಸರ್ಕಾರಕ್ಕೂ ತಿಳಿಯದು. ಇಡೀ ದೇಶ ಆ ಚೀಟಿಯನ್ನು ಗೇಲಿ ಮಾಡಿ ನಕ್ಕಿತು. ನನಗಾದರೋ ಈ ಪ್ರಕರಣದಲ್ಲೆಲ್ಲ ಬುದ್ಧಿಯ ಕೆಲಸವೆಂದು ತೋರುವುದು ಅದೊಂದೇ. ಯೋಜನೆ ಮಾತ್ರ ಜಾರಿಗೆ ಬರಲಿಲ್ಲ. ಐರೋಪ್ಯ ಕಮಿಷನ್ನಿಗೆ ಕೊಡಬೇಕಾಗಿದ್ದ ತಿಳಿವಳಿಕೆಯನ್ನು ಕೊಡಲು ಸರ್ಕಾರ ಮರೆತು, 2019ರ ಜುಲೈಗೆ ಗೊತ್ತಾಗಿದ್ದ ಜಾರಿ ಮುಂದಕ್ಕೆ ಹೋಗಿ, ಅಕ್ಟೋಬರಿನಲ್ಲಿ ಎಲ್ಲವನ್ನೂ ಕೈಬಿಟ್ಟರು. ಆರು ವರ್ಷಗಳ ಅನಂತರ ಮತ್ತೆ ಬಂದಾಗ ಅಂಗಡಿಯವನ ಜಾಗದಲ್ಲಿ ಪಾಸ್‌ಪೋರ್ಟೂ ಕ್ಯಾಮರಾವೂ ಬಂದು ಕುಳಿತಿದ್ದವು. ಫ್ರಾನ್ಸಿನವರು 'ಇಮ್ಮಡಿ ಅಜ್ಞಾತತ್ವ' ಎಂಬ ನಿಯಮವನ್ನು ಮಾಡಿಕೊಂಡಿದ್ದಾರೆ: ವಯಸ್ಸಿಗೆ ಸಾಕ್ಷಿ ಹೇಳುವವನಿಗೆ ನೀವು ಹೋಗುವ ತಾಣ ಯಾವುದೆಂದು ತಿಳಿಯಕೂಡದು; ತಾಣಕ್ಕೆ ನೀವು ಯಾರೆಂದು ತಿಳಿಯಕೂಡದು. ವಯಸ್ಸು ಕೇಳುವುದೂ ಹೆಸರು ಕೇಳುವುದೂ ಬೇರೆ ಬೇರೆ ಎಂಬುದನ್ನು ಅಷ್ಟಾದರೂ ಅವರು ಗುರುತಿಸಿದರು.

ಹೆಸರು ಬರೆದಿಟ್ಟರೆ ಏನಾಗುತ್ತದೆ? ಸೋರುತ್ತದೆ. ಇದು ಜ್ಯೋತಿಷ್ಯವಲ್ಲ, ನಡೆದ ಸಂಗತಿ. 2015ರಲ್ಲಿ ಆಶ್ಲಿ ಮ್ಯಾಡಿಸನ್ ಎಂಬ, ವಿವಾಹಿತರ ಕಳ್ಳಸ್ನೇಹಕ್ಕೆಂದೇ ಇದ್ದ ತಾಣದ ಪಟ್ಟಿಯನ್ನು ಕದ್ದು ಬೀದಿಗೆಸೆದರು. 3 ಕೋಟಿಗೂ ಹೆಚ್ಚು ಖಾತೆಗಳು. ಮನೆಗಳು ಒಡೆದವು, ಬೆದರಿಕೆಯ ಪತ್ರಗಳು ಬಂದವು. 2025ರ ಜುಲೈಯಲ್ಲಿ, ಬ್ರಿಟನ್ನಿನ ಕಾಯಿದೆ ಜಾರಿಯಾದ ಅದೇ ವಾರ, ಹೆಂಗಸರ ಸುರಕ್ಷತೆಗೆಂದೇ ಅಮೆರಿಕದಲ್ಲಿ ನಡೆಯುತ್ತಿದ್ದ 'ಟೀ' ಎಂಬ ಆ್ಯಪಿನಿಂದ, ತಾವು ಹೆಂಗಸರೆಂದು ರುಜುವಾತು ಮಾಡಲು ಅವರು ಕೊಟ್ಟಿದ್ದ ಸುಮಾರು 13,000 ಮುಖಚಿತ್ರಗಳೂ ಗುರುತಿನ ಚೀಟಿಗಳೂ ಹೊರಬಿದ್ದವು. ಅದೇ ವರ್ಷ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಕಂಪನಿ, ವಯಸ್ಸಿನ ತಕರಾರಿಗಾಗಿ ಬಳಕೆದಾರರು ಕಳಿಸಿದ್ದ ಸರ್ಕಾರಿ ಗುರುತಿನ ಚೀಟಿಗಳಲ್ಲಿ ಸುಮಾರು 70,000 ಮಂದಿಯ ಚಿತ್ರಗಳು ತನ್ನ ಹೊರಗುತ್ತಿಗೆಯವರ ಕಡೆಯಿಂದ ಕಳ್ಳರ ಪಾಲಾಗಿರಬಹುದೆಂದು ಒಪ್ಪಿಕೊಂಡಿತು. ಟೆಕ್ಸಾಸಿನ ಕಾನೂನು ಮಾಹಿತಿಯನ್ನು ಇಟ್ಟುಕೊಳ್ಳಕೂಡದೆಂದು ಹೇಳುತ್ತದೆ, ನಿಜ. ಇಟ್ಟುಕೊಳ್ಳಲಿಲ್ಲವೆಂದು ನಮಗೆ ಗೊತ್ತಾಗುವುದು ಹೇಗೆ? ಇಟ್ಟುಕೊಂಡಿದ್ದರೆಂಬುದು ಮಾತ್ರ ಗೊತ್ತಾಗುತ್ತದೆ, ಕಳುವಾದ ದಿನ.

ನಮ್ಮಲ್ಲಿ ಕಾಗದದ ಕಥೆಯೇ ಹೀಗಿರುವಾಗ ಯಂತ್ರದ್ದೇನು ಹೇಳಲಿ? ಒಮ್ಮೆ ಒಂದು ಊರಿನ ಬಸ್ ನಿಲ್ದಾಣದಲ್ಲಿ ಹುರಿದ ಕಡಲೆಕಾಯಿ ಕೊಂಡೆ. ಪೊಟ್ಟಣ ಬಿಚ್ಚಿದಾಗ ಅದು ಯಾರೋ ಹೆಂಗಸಿನ ಗುರುತಿನ ಚೀಟಿಯ ನಕಲು. ಭಾವಚಿತ್ರ, ಗಂಡನ ಹೆಸರು, ಮನೆಯ ವಿಳಾಸ ಎಲ್ಲ ಸ್ಪಷ್ಟ. ಯಾವುದೋ ಲಾಡ್ಜಿನಲ್ಲೋ ಸಿಮ್ ಕಾರ್ಡಿನ ಅಂಗಡಿಯಲ್ಲೋ ಕೊಟ್ಟದ್ದಿರಬೇಕು.

'ಮುಚ್ಚಿಡುವುದೇನೂ ಇಲ್ಲದವನಿಗೆ ಭಯವೇಕೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನಿಮ್ಮದು' ಎಂದು ಸ್ನೇಹಿತರೊಬ್ಬರು ನನ್ನನ್ನು ಹಾಸ್ಯ ಮಾಡಿದರು. ಆ ಗಾದೆಯನ್ನು ಈ ನಗರದಲ್ಲಿ ಈಗ ಬಳಸುವ ಮುನ್ನ ಸ್ವಲ್ಪ ಯೋಚಿಸಬೇಕು. 'ಡಿಜಿಟಲ್ ಅರೆಸ್ಟ್' ಎಂಬ ವಂಚನೆಯನ್ನು ಪತ್ರಿಕೆ ಓದುವವರೆಲ್ಲರೂ ಬಲ್ಲರು. ಪೋಲೀಸನೆಂದು ಹೇಳಿಕೊಂಡ ಯಾವನೋ ದೂರವಾಣಿಯಲ್ಲಿ, ನಿಮ್ಮ ಹೆಸರು ಅಶ್ಲೀಲ ಪ್ರಕರಣದಲ್ಲಿ ಸಿಕ್ಕಿದೆ, ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕದ್ರವ್ಯ ಸಿಕ್ಕಿದೆ ಎಂದು ಗದರಿಸುತ್ತಾನೆ. ಆಯುಷ್ಯವೆಲ್ಲ ಮರ್ಯಾದೆಯಿಂದ ಬಾಳಿದ ನಿವೃತ್ತ ಅಧಿಕಾರಿಗಳು, ಉಪಾಧ್ಯಾಯಿನಿಯರು, ಗಡಗಡ ನಡುಗಿ ಉಳಿತಾಯವನ್ನೆಲ್ಲ ಅವನ ಖಾತೆಗೆ ಸುರಿಯುತ್ತಾರೆ. ಇವರಾರೂ ಕುಂಬಳಕಾಯಿ ಕದ್ದವರಲ್ಲ. ಅವನ ಕೈಯಲ್ಲಿ ಇರುವುದು ಬರಿಯ ಸುಳ್ಳು. ಬರಿಯ ಸುಳ್ಳಿನಿಂದಲೇ ಇಷ್ಟು ಸೂರೆ ಹೊಡೆಯುವವನ ಕೈಗೆ, ಇಂಥ ದಿನ ಇಷ್ಟು ಗಂಟೆಗೆ ಇಂಥವರು ಇಂಥ ತಾಣದ ಬಾಗಿಲಲ್ಲಿ ಗುರುತು ಕೊಟ್ಟರೆಂಬ ನಿಜವಾದ ಪಟ್ಟಿ ಸಿಕ್ಕಿದರೆ? ಒಂದೇ ದೂರವಾಣಿಯನ್ನು ಮನೆಮಂದಿಯೆಲ್ಲ ಬಳಸುವ ದೇಶದಲ್ಲಿ, ಪಟ್ಟಿಯಲ್ಲಿ ಇರುವುದು ಯಾರ ಹೆಸರು, ನೋಡಿದವರು ಯಾರು ಎಂಬುದನ್ನು ವಿಚಾರಿಸುವ ವ್ಯವಧಾನ ಬೀಗರಿಗಾಗಲಿ ಆಫೀಸಿಗಾಗಲಿ ಇರುತ್ತದೆಯೆ?

ಗುರುತನ್ನು ಕೇಳಲೇಬೇಕೆಂದು ಹಟವಿದ್ದರೆ ಕೇಳಬೇಕಾದವರನ್ನು ಕೇಳಿ ಎನ್ನುತ್ತೇನೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ದೊಡ್ಡ ಪತ್ರಿಕೆ, ಪೋರ್ನ್‌ಹಬ್ಬಿನಲ್ಲಿ ಬಾಲಕಿಯರ ಮೇಲೆ ನಡೆದ ಅತ್ಯಾಚಾರದ ಚಿತ್ರಗಳೂ ಇವೆಯೆಂದು ಬಯಲಿಗೆಳೆಯಿತು. ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ಕೈಬಿಟ್ಟವು. ಕೂಡಲೇ ಆ ತಾಣ, ಗುರುತು ತಿಳಿಯದವರು ಏರಿಸಿದ್ದ ಚಿತ್ರಗಳನ್ನೆಲ್ಲ—ಲಕ್ಷಗಟ್ಟಲೆ, ತನ್ನ ಭಂಡಾರದ ಬಹುಭಾಗವನ್ನೇ—ತೆಗೆದುಹಾಕಿ, ಇನ್ನು ಮುಂದೆ ಗುರುತು ಕೊಟ್ಟವರು ಮಾತ್ರ ಚಿತ್ರ ಏರಿಸಬಹುದೆಂದಿತು. ಅಷ್ಟು ವರ್ಷ 'ಅಸಾಧ್ಯ' ಎನ್ನುತ್ತಿದ್ದದ್ದು ಹಣದ ನಳ ನಿಂತೊಡನೆ ಕೆಲವೇ ದಿನಗಳಲ್ಲಿ ಸಾಧ್ಯವಾಯಿತು. ಚಿತ್ರದಲ್ಲಿ ಇರುವವಳಿಗೆ ವಯಸ್ಸಾಗಿದೆಯೆ, ಅವಳ ಒಪ್ಪಿಗೆ ಇದೆಯೆ, ಏರಿಸಿದವನು ಯಾರು? ಹೆಸರು, ಸಹಿ, ದಾಖಲೆ ಎಲ್ಲ ಬೇಕಾಗಿರುವುದು ಈ ಪ್ರಶ್ನೆಗಳಿಗೆ. ಮಾರುವವನ ಹೆಸರು ಪಟ್ಟಿಯಲ್ಲಿರಲಿ. ಅದು ಸೋರಿದರೂ ನನಗೆ ವ್ಯಥೆಯಿಲ್ಲ.

ಅಶ್ಲೀಲತೆಯ ವಿಷಯದಲ್ಲಿ ನಮ್ಮ ಕಾನೂನಿನ ವಂಶಾವಳಿ ಬ್ರಿಟನ್ನಿನದೇ. 1868ರಲ್ಲಿ ಅಲ್ಲಿನ ನ್ಯಾಯಾಲಯ ಹಿಕ್ಲಿನ್ ಪ್ರಕರಣದಲ್ಲಿ ಒಂದು ಒರೆಗಲ್ಲು ಮಾಡಿಕೊಟ್ಟಿತು: ಸುಲಭವಾಗಿ ಕೆಡುವಂಥ ಮನಸ್ಸಿನವನ ಕೈಗೆ ಬಿದ್ದರೆ ಕೆಡಿಸುವಂಥದು ಅಶ್ಲೀಲ. ಎಲ್ಲರಿಗಿಂತ ದುರ್ಬಲನಾದವನ ಅಳತೆಗೆ ಊರಿಗೆಲ್ಲ ಅಂಗಿ ಹೊಲಿಯುವ ಕ್ರಮ. 'ಲೇಡಿ ಚಾಟರ್ಲಿಯ ಪ್ರಿಯಕರ' ಕಾದಂಬರಿಯ ವಿಚಾರಣೆ 1960ರಲ್ಲಿ ಲಂಡನ್ನಿನಲ್ಲಿ ನಡೆದಾಗ ಸರ್ಕಾರಿ ವಕೀಲರು, ಈ ಪುಸ್ತಕವನ್ನು ನಿಮ್ಮ ಹೆಂಡತಿಯೋ ಆಳುಗಳೋ ಓದುವುದು ನಿಮಗೆ ಒಪ್ಪಿಗೆಯೆ ಎಂದು ಪಂಚಾಯಿತರನ್ನು ಕೇಳಿ ನಗೆಪಾಟಲಾದರು; ಪ್ರಕಾಶಕರು ಗೆದ್ದರು. ಅದೇ ಪುಸ್ತಕವನ್ನು ಮಾರಿದ್ದಕ್ಕೆ ಬೊಂಬಾಯಿಯ ಪುಸ್ತಕದಂಗಡಿಯ ಪಾಲುದಾರನಿಗೆ ಬಿದ್ದ 20 ರೂಪಾಯಿ ದಂಡವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಕಾಯಂ ಮಾಡಿತು. ಆ ಹಳೆಯ ಒರೆಗಲ್ಲನ್ನು ನಾವು ಎಸೆದದ್ದು 2014ರಲ್ಲಿ. ಕನ್ನಡದಲ್ಲಿಯೂ ಅ. ನ. ಕೃಷ್ಣರಾಯರು ತಮ್ಮ ಕಾದಂಬರಿಗಳ ಮೇಲೆ ಬಂದ ಇದೇ ಆಪಾದನೆಗೆ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಡಬೇಕಾಯಿತು. ಅಷ್ಟೆಲ್ಲ ಜಗಳದಲ್ಲಿಯೂ ಕಟಕಟೆಗೆ ಬರುತ್ತಿದ್ದುದು ಪುಸ್ತಕ, ಪ್ರಕಾಶಕ, ಲೇಖಕ. ಕೃಷ್ಣರಾಯರ ಕಾದಂಬರಿಯನ್ನು ಕೊಂಡವರ ಮನೆವಿಳಾಸವನ್ನು ಯಾರೂ ಕೇಳಿರಲಿಲ್ಲ.

ನಮ್ಮ ಸರ್ಕಾರ ಇದುವರೆಗೆ ಬಳಸಿದ್ದು ತಡೆಯ ದಾರಿ. 2015ರಲ್ಲಿ 857 ತಾಣಗಳನ್ನು ಮುಚ್ಚಿಸಿ, ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. 2018ರಲ್ಲಿ ಉತ್ತರಾಖಂಡದ ಹೈಕೋರ್ಟಿನ ಆಜ್ಞೆಯಂತೆ 827 ತಾಣಗಳನ್ನು ಮತ್ತೆ ಮುಚ್ಚಿಸಿತು. (ಇದಕ್ಕೂ ಮೊದಲು, 2012ರ ಫೆಬ್ರವರಿಯಲ್ಲಿ, ನಮ್ಮ ವಿಧಾನಸಭೆಯಲ್ಲಿ ಕಲಾಪ ನಡೆಯುತ್ತಿದ್ದಾಗಲೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟದ್ದು ವಾಚಕರಿಗೆ ನೆನಪಿರಬಹುದು. ವಯಸ್ಸಿನ ತಪಾಸಣೆ ಇದ್ದಿದ್ದರೂ ಅವರು ತೇರ್ಗಡೆಯಾಗುತ್ತಿದ್ದರೆಂಬಲ್ಲಿ ಸಂದೇಹವಿಲ್ಲ.) ಈಗ ಮಾತು ತಡೆಯಿಂದ ತಪಾಸಣೆಯ ಕಡೆಗೆ ತಿರುಗಿದೆ. 2021ರ ನಿಯಮಗಳ ಪ್ರಕಾರ 'ಎ' ವರ್ಗದ ಚಿತ್ರಗಳನ್ನು ತೋರಿಸುವ ಓಟಿಟಿ ಕಂಪನಿಗಳು ವಯಸ್ಸನ್ನು ಪರೀಕ್ಷಿಸುವ ಭರವಸೆಯ ವ್ಯವಸ್ಥೆ ಮಾಡತಕ್ಕದ್ದು. 2025ರ ನವೆಂಬರ್ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠವೊಂದು ವಿಚಾರಣೆಯ ನಡುವೆ, ಅಶ್ಲೀಲ ಕಾರ್ಯಕ್ರಮಗಳಿಗೆ ಆಧಾರ್ ಮೂಲಕ ವಯಸ್ಸು ನೋಡಬಹುದಲ್ಲವೆ ಎಂಬ ಅರ್ಥದ ಮಾತನ್ನಾಡಿತು. ಅದು ತೀರ್ಪಲ್ಲ, ಸಲಹೆ ಮಾತ್ರ. ಆದರೆ ನಮ್ಮಲ್ಲಿ ದೊಡ್ಡವರ ಸಲಹೆ ಆಜ್ಞೆಯಾಗಲು ಬಹಳ ಕಾಲ ಹಿಡಿಯುವುದಿಲ್ಲ.

ಈ ಸಲಹೆಯಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಲೈಂಗಿಕ ಕ್ರಿಯೆಯನ್ನು ಬಿಚ್ಚಿ ತೋರಿಸುವ ಚಿತ್ರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದೇ ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಅಪರಾಧ. ಅಂದಮೇಲೆ ಕಾನೂನಿನ ಕಣ್ಣಿನಲ್ಲಿ ಇಲ್ಲದ ಅಂಗಡಿಯ ಬಾಗಿಲಿಗೆ ಕಾವಲುಗಾರನನ್ನು ಹೇಗೆ ನೇಮಿಸುತ್ತೀರಿ? ಆ ತಾಣಗಳು ಹೊರದೇಶದಲ್ಲಿ ಕುಳಿತು ನಮ್ಮ ಆಧಾರಿಗೆ ಕಾಯುತ್ತಿಲ್ಲ. ಕಾವಲು ಬೀಳುವುದು ಕಾನೂನಿನೊಳಗೆ ಬಾಳುವವರ ಮೇಲೆ: ಸಿನಿಮಾದ ಮೇಲೆ, ಹಾಸ್ಯದ ಕಾರ್ಯಕ್ರಮದ ಮೇಲೆ, ಕಥೆ ಕಾದಂಬರಿಯ ಮೇಲೆ, ವೈದ್ಯರ ಸಲಹೆಯ ಮೇಲೆ. ಎರಡನೆಯದು, ಆಧಾರ್ ಪರೀಕ್ಷಿಸುವುದು ಚೀಟಿಯನ್ನು. ಮೊಬೈಲ್ ಹಿಡಿದ ಕೈಯನ್ನಲ್ಲ. ನನ್ನ ಪಿಂಚಣಿಗೆ ಬೇಕಾದ, ನಾನಿನ್ನೂ ಬದುಕಿದ್ದೇನೆಂಬ ಪ್ರಮಾಣಪತ್ರವನ್ನು ಪ್ರತಿ ನವೆಂಬರಿನಲ್ಲಿ ಸಲ್ಲಿಸುವವನು ಎಂಟನೆಯ ತರಗತಿಯ ಮೊಮ್ಮಗ. 'ತಾತ, ಕನ್ನಡಕ ತೆಗೆದು ಇಲ್ಲಿ ನೋಡಿ' ಎನ್ನುತ್ತಾನೆ, ನೋಡುತ್ತೇನೆ. ಬಂದ ಓಟಿಪಿಯನ್ನು ಓದುವವನೂ ಅವನೇ, ಒತ್ತುವವನೂ ಅವನೇ. ಬೆಂಗಳೂರಿನ ಎಷ್ಟು ಮನೆಗಳಲ್ಲಿ ಹೀಗಿಲ್ಲ? ಆ ಬಾಗಿಲಿನಲ್ಲಿ ಹದಿಮೂರರ ಹುಡುಗ ಎಪ್ಪತ್ತರ ಅಜ್ಜನಾಗಿ ಒಳಗೆ ಹೋಗುತ್ತಾನೆ; ಪಟ್ಟಿಯಲ್ಲಿ ಉಳಿಯುವುದು ಅಜ್ಜನ ಹೆಸರು.

ಖಾಸಗಿ ಬದುಕು ಪ್ರಜೆಯ ಮೂಲಭೂತ ಹಕ್ಕೆಂದು 2017ರ ಆಗಸ್ಟಿನಲ್ಲಿ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ನ್ಯಾಯಾಲಯಕ್ಕೆ ಹೋದಾಗ ಅವರಿಗೆ 86 ವರ್ಷ. ಖಾಸಗಿ ಕಂಪನಿಗಳು ಆಧಾರ್ ಕೇಳಲು ಅವಕಾಶವಿತ್ತ ಭಾಗವನ್ನು 2018ರ ಸೆಪ್ಟೆಂಬರಿನ ತೀರ್ಪು ಹೊಡೆದುಹಾಕಿತು. ನಮ್ಮ ಊರಿನ ಮುದುಕರೊಬ್ಬರು ಇಷ್ಟು ಕಷ್ಟಪಟ್ಟು ಮುಚ್ಚಿಸಿದ ಬಾಗಿಲನ್ನು, ಅಶ್ಲೀಲತೆಯ ಹೆಸರು ಹೇಳಿದೊಡನೆ ನಾವೇ ಹೋಗಿ ತೆರೆದುಕೊಡುವುದು ನನಗಂತೂ ಸರಿಕಾಣುವುದಿಲ್ಲ.

ಮಕ್ಕಳಿಗೆ ಏನು ಮಾಡುತ್ತೀರಿ ಎಂದರೆ, ಮಗುವಿನ ಕೈಯಲ್ಲಿರುವ ಯಂತ್ರದಲ್ಲಿಯೇ ಮಾಡಿ. ಮಕ್ಕಳ ಮೊಬೈಲಿಗೆ ಬೀಗ ಹಾಕುವ ವ್ಯವಸ್ಥೆ ಇಂದಿನ ಎಲ್ಲ ಮೊಬೈಲುಗಳಲ್ಲಿ ಇದೆ. ಹತ್ತು ಪರದೆಗಳ ಹಿಂದೆ, ಇಂಗ್ಲಿಷಿನಲ್ಲಿ, ಯಾರಿಗೂ ಸಿಗದಂತೆ ಅಡಗಿ ಕುಳಿತಿದೆ. ಮಾರುವಾಗಲೇ ಅಂಗಡಿಯವನು 'ಇದು ಮಗುವಿಗೋ?' ಎಂದು ಕೇಳಿ ಬೀಗ ಹಾಕಿ ಕೊಡಬೇಕೆಂದು ಕಾನೂನು ಮಾಡಲಿ. ಕೋಟಿ ಕೋಟಿ ಗಳಿಸುವ ಆಪಲ್, ಗೂಗಲ್‌ಗಳು ಅದನ್ನು ಕನ್ನಡದಲ್ಲಿ ಮುಂದಿನ ಪುಟಕ್ಕೇ ತರಲಿ. ಶಾಲೆಗಳಲ್ಲಿ ಉಪಾಧ್ಯಾಯರು ಈ ವಿಷಯವನ್ನು ಕೆಮ್ಮಿ ದಾಟಿಸದೆ ಹೇಳಿಕೊಡಲಿ. ಇದರಲ್ಲಿ ಯಾರ ಹೆಸರನ್ನೂ ಯಾವ ಪಟ್ಟಿಯಲ್ಲಿಯೂ ಬರೆಯಬೇಕಾಗಿಲ್ಲ.

ಇಷ್ಟಾದರೂ ಬಾಗಿಲಲ್ಲಿ ತಪಾಸಣೆ ಬೇಕೇ ಬೇಕೆನ್ನುವವರಿಗೆ ಒಂದು ಮಾತು. 2023ರ ದತ್ತಾಂಶ ರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು; 18 ತುಂಬದವರ ಮಾಹಿತಿಗೆ ತಾಯಿತಂದೆಯರ ಒಪ್ಪಿಗೆಯನ್ನು ಪರೀಕ್ಷಿಸಿ ಪಡೆಯಬೇಕೆಂಬ ವಿಧಿಯ ಜಾರಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಆ ಕಾಯಿದೆಯಲ್ಲಿ ಮಾಹಿತಿಯನ್ನು ಜೋಪಾನ ಮಾಡದ ಕಂಪನಿಗೆ 250 ಕೋಟಿ ರೂಪಾಯಿಯವರೆಗೆ ದಂಡವಿದೆ. ಓದಲು ಚೆನ್ನಾಗಿದೆ. ಆದರೆ ಆ ಹಣ ಹೋಗುವುದು ಸರ್ಕಾರದ ಖಜಾನೆಗೆ. ಮಾನ ಕಳೆದುಕೊಂಡವನಿಗೆ ಅದರಲ್ಲಿ ಒಂದು ಕಾಸೂ ಇಲ್ಲ. ಪಟ್ಟಿ ಯಾರ ಬಳಿ ಇರುತ್ತದೆ? ಎಷ್ಟು ಗಂಟೆಯೊಳಗೆ ಅದನ್ನು ಸುಡುತ್ತಾರೆ, ಸುಟ್ಟರೆಂದು ನೋಡುವವರು ಯಾರು? ಸೋರಿದರೆ ಹೆಸರು ಹೊರಬಿದ್ದವನಿಗೆ ಎಷ್ಟು ಕೊಡುತ್ತಾರೆ, ಯಾರು ಕೊಡುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಮಸೂದೆಯ ಮೊದಲ ಪುಟದಲ್ಲಿ ಬರೆದು ತರಲಿ. ಆಮೇಲೆ ಕುಳಿತು ಮಾತನಾಡೋಣ.